ಸುಮ್ಮನಿರುವ ಒಂಬತ್ತು ಜನ

ಬೆಳಗ್ಗೆ ಏಳಕ್ಕೆ ನೆಲಮಾಳಿಗೆಗೆ ಇಳಿದ ಸ್ಟೆಲಾನನ ಕಣ್ಣಿಗೆ ಮೊದಲು ಬಿದ್ದದ್ದು ಬಟ್ಟೆ ಒಣಗಿಸುವ ಕೋಣೆಯ ಬಾಗಿಲಿಗೆ ಅಂಟಿಸಿದ್ದ ಚೀಟಿ.

"ಸ್ಟೆಲಾನ್, ನನ್ನ ಹೊದಿಕೆಗಳು ಗುರುವಾರದಿಂದ ಒದ್ದೆ. ಯಂತ್ರ ಬರುವುದು ಯಾವ ತಾರೀಖು? ಇವತ್ತು ಸಂಜೆ ಆರರ ಸಭೆಯಲ್ಲಿ ಹೇಳತಕ್ಕದ್ದು. ಗುನ್ವೋರ್, ಮೊದಲ ಮಹಡಿ."

'ತಾರೀಖು' ಎಂಬುದರ ಕೆಳಗೆ ಎರಡು ಗೆರೆ ಎಳೆದಿತ್ತು. ಸ್ವೀಡನ್ನಿನ ಹೆರ್ನೊಸಾಂಡಿನಲ್ಲಿ ಯಾರೂ ಯಾರನ್ನೂ ಮುಖಾಮುಖಿ ಬೈಯುವುದಿಲ್ಲ, ಅದಕ್ಕೇ ಚೀಟಿ ಇರುವುದು. ಆದರೆ ಗುನ್ವೋರ್ ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತು ಬಂದ ಹೆಂಗಸು. ಬರೆದ ಕಾಗದ ತಲುಪಿತೋ ಇಲ್ಲವೋ ಎಂದು ಖಾತ್ರಿಯಾಗುವ ತನಕ ಆಕೆಗೆ ಸಮಾಧಾನವಿಲ್ಲ. ಬಾಗಿಲ ಹಿಂದೆಯೇ ನಿಂತಿದ್ದಳು.

"ಓದಿದ್ಯೇನಪ್ಪ?"

"ಓದಿದೆ."

"ಅರ್ಥ ಆಯ್ತೋ?"

"ಆಯ್ತು, ಗುನ್ವೋರ್. ಸಂಜೆ ತಾರೀಖು ಹೇಳ್ತೀನಿ."

"'ಆದಷ್ಟು ಬೇಗ' ಅನ್ನೋ ತಾರೀಖು ನನ್ನ ಕ್ಯಾಲೆಂಡರಲ್ಲಿ ಇಲ್ಲ, ನೋಡು. ಮೂರನೇ ಮಹಡಿ ತೂವೆ ಮಗೂನ ಬಟ್ಟೆ ಎಲ್ಲಾ ಅಡುಗೆಮನೇಲಿ ತೂಗಾಕಿದಾಳೆ. ಕಾಫಿಗೆ ಹೋದ್ರೆ ತಲೆ ಮೇಲೆ ಚಡ್ಡಿ ತೊಟ್ಟಿಕ್ಕುತ್ತೆ."

ತಪ್ಪು ಸ್ಟೆಲಾನನದೇ. ಆ ಕಟ್ಟಡದಲ್ಲಿ ಹದಿನೆಂಟು ಮನೆ. ಒಣಗಿಸುವ ಕೋಣೆಯ ಹೀಟರ್ ಆಗಸ್ಟಿನಲ್ಲಿ ಸತ್ತುಹೋಯಿತು. ಹೊಸದು ತರೋಣವೆಂದು ನಿವಾಸಿಗಳ ಸಂಘದ ಸಭೆ ಕೂತಾಗ ಅಧ್ಯಕ್ಷ ಸ್ಟೆಲಾನ್ ಎದ್ದುನಿಂತು, ಅದಕ್ಕಿಂತ ಒಳ್ಳೆಯ ಉಪಾಯವೊಂದಿದೆ ಅಂದ. ಬಿಟ್‌ಕಾಯಿನ್ ಅಗೆಯುವ ಯಂತ್ರ. ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಹಗಲೂ ರಾತ್ರಿ ಲೆಕ್ಕ ಮಾಡುತ್ತದೆ, ಮಾಡುತ್ತ ಮಾಡುತ್ತ ಒಲೆಯ ಹಾಗೆ ಕಾಯುತ್ತದೆ. ಕೋಣೆಯಲ್ಲಿಟ್ಟರೆ ಬಟ್ಟೆಯೂ ಒಣಗಿತು, ನಾಣ್ಯವೂ ಸಿಕ್ಕಿತು. ಕಾಫಿ ಮುಗಿದು ಎಲ್ಲರಿಗೂ ಮನೆಗೆ ಹೋಗುವ ಆತುರವಿದ್ದುದರಿಂದ ಎಲ್ಲರೂ ಕೈ ಎತ್ತಿಬಿಟ್ಟರು. ಹೀಟರಿನ ಹಣ ದಕ್ಷಿಣದ ಯಾವುದೋ ಕಂಪನಿಗೆ ಹೋಯಿತು. ಅಲ್ಲಿಂದ ಬಂದದ್ದು ಒಂದು ಸಂಖ್ಯೆ: ೩೭೪೯.

ಈ ಸಂಖ್ಯೆಯಿಂದಲೇ ಸ್ಟೆಲಾನನ ಬಾಳು ಬದಲಾದದ್ದು. ಯಾರ ಯಂತ್ರ ಯಾವಾಗ ಅಂತ ಕಂಪನಿ ಬಾಯಿ ಬಿಡುತ್ತಿರಲಿಲ್ಲ. ಗಿರಾಕಿಗಳು ಅಂತರ್ಜಾಲದ ಒಂದು ಜಗಲಿಯಲ್ಲಿ ಸೇರಿ, ನನ್ನದು ಇಂಥ ಸಂಖ್ಯೆ, ಇಂಥ ದಿನ ದುಡ್ಡು ಕಟ್ಟಿದೆ ಎಂದು ಒಬ್ಬೊಬ್ಬರಾಗಿ ಹೇಳಿಕೊಳ್ಳತೊಡಗಿದರು. ಅದನ್ನೆಲ್ಲ ಪಟ್ಟಿ ಮಾಡಿದವನು ಸ್ಟೆಲಾನ್. ಜನಸಂಖ್ಯಾ ನೋಂದಣಿ ಕಚೇರಿಯ ಗುಮಾಸ್ತ, ಪಟ್ಟಿ ಅಂದರೆ ಅವನಿಗೆ ಪ್ರಾಣ. ಐವತ್ತೆರಡು ವರ್ಷದಲ್ಲಿ ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಯಾರೂ ಅವನ ಅಭಿಪ್ರಾಯ ಕೇಳಿರಲಿಲ್ಲ. ಈಗ ದಕ್ಷಿಣದ ಮಾಲ್ಮೊದಿಂದ ಉತ್ತರದ ಕಿರುನಾದವರೆಗೆ ಜನ, "ಸ್ಟೆಲಾನ್, ನನ್ನ ಸರದಿ ಎಷ್ಟನೆಯದು?" ಎಂದು ಕೇಳುತ್ತಿದ್ದರು. ಅವನು ಹೇಳಿದ್ದೇ ವೇದವಾಕ್ಯ.

ಮೆಟ್ಟಿಲು ಹತ್ತುತ್ತಲೇ ಮೊಬೈಲಿಗೆ ಕಂಪನಿಯ ಓಲೆ ಬಂತು. ಸೋಮವಾರದಿಂದ ಯಂತ್ರಗಳು ಹೊರಡುತ್ತವೆ, ಕೆಲಸದ ದಿನಕ್ಕೆ ಇಪ್ಪತ್ತು, ಸಂಖ್ಯೆಯ ಪ್ರಕಾರವೇ. ಕಾಯಲಾರದವರು ಇವತ್ತು ಸಂಜೆ ಐದರೊಳಗೆ ಹಿಂದೆ ಸರಿಯಬಹುದು, ಕಟ್ಟಿದ ಹಣ ಪೂರ್ತಿ ವಾಪಸು. ಐದಾದ ಮೇಲೆ ಹಳಬರಿಗಾಗಲಿ ಹೊಸಬರಿಗಾಗಲಿ ಒಂದು ಕಾಸೂ ವಾಪಸಿಲ್ಲ.

ಹಣ ವಾಪಸು ಪಡೆದು ನಾಳೆಯೇ ಒಂದು ಮಾಮೂಲಿ ಹೀಟರ್ ತರುವುದೋ, ಸರದಿಯಲ್ಲಿ ನಿಂತು ಯಂತ್ರಕ್ಕೆ ಕಾಯುವುದೋ? ಹದಿನೆಂಟು ಮನೆಯ ಒದ್ದೆ ಬಟ್ಟೆ ಅವನ ಒಂದು ಲೆಕ್ಕದ ಮೇಲೆ ನೇತಾಡುತ್ತಿತ್ತು.

ಒಂಬತ್ತೂವರೆಗೆ ಕಚೇರಿಯಲ್ಲಿ ಕಾಫಿ. ಸ್ಟೆಲಾನ್ ಪಟ್ಟಿಯನ್ನು ಮೇಜಿನ ಮೇಲೆ ಹರಡಿದ. ಪಕ್ಕದ ಕುರ್ಚಿಯ ಸೆಪ್ಪೊ ಫಿನ್ಲೆಂಡಿನಿಂದ ಬಂದು ಮೂವತ್ತು ವರ್ಷವಾದ ಸಹೋದ್ಯೋಗಿ. ಏಲಕ್ಕಿ ಬನ್ನು ಮುರಿಯುತ್ತ ಅವನೂ ತಲೆ ತೂರಿಸಿದ.

"ಇದರಲ್ಲೇನಯ್ಯಾ ಕಷ್ಟ? ನಿನ್ನ ಸಂಖ್ಯೆ ೩೭೪೯. ಮುಂದೆ ೩೭೪೮ ಜನ. ಮುಗೀತಲ್ಲ."

"ಮುಗೀಲಿಲ್ಲ. ನನ್ನ ಮುಂದಿನೋರಲ್ಲಿ ಬಾಯಿ ಬಿಟ್ಟು ಸಂಖ್ಯೆ ಹೇಳಿದೋರು ಬರೀ ಮುನ್ನೂರ ನಲವತ್ತು ಜನ. ಮಿಕ್ಕ ಮೂರು ಸಾವಿರ ಚಿಲ್ಲರೆ ಎಲ್ಲಿ? ಅವ್ರು ಇದಾರೋ, ಇಲ್ಲ ಬರೀ ಖಾಲಿ ಸಂಖ್ಯೆಗಳೋ? ಖಾಲಿ ಆದ್ರೆ ನವೆಂಬರ್ ಎರಡನೇ ವಾರ ಯಂತ್ರ ಬಂತು. ಇದಾರೆ ಅಂದ್ರೆ ಮುಂದಿನ ಜುಲೈ."

"ಜುಲೈ ಅಂದ್ರೆ ಆಗಸ್ಟ್ ಅನ್ನು. ಜುಲೈಲಿ ಈ ದೇಶದಲ್ಲಿ ಯಾರು ಕೆಲಸ ಮಾಡ್ತಾರೆ?"

"ಅದೇ ಹೇಳ್ತಿರೋದು! ಆಗಸ್ಟಲ್ಲಿ ಬಟ್ಟೆ ಹೊರಗೆ ಬಿಸಿಲಲ್ಲೇ ಒಣಗುತ್ತೆ."

"ಖಾಲಿನೇ ಇರ್ಬೇಕು. ಕಂಪನೀನ ಕೇಳು."

"ಕೇಳಿದೀನಿ. 'ಹಣ ಕಟ್ಟಿದವರಿಗೆ ಮಾತ್ರ ಸಂಖ್ಯೆ ಕೊಡುತ್ತೇವೆ' ಅಂದ್ರು."

ಸೆಪ್ಪೊ ಬನ್ನಿನ ಸಕ್ಕರೆ ಹರಳುಗಳನ್ನು ಪಟ್ಟಿಯ ಮೇಲೆ ಉದುರಿಸುತ್ತ ಬೆರಳಾಡಿಸಿದ. "ತಮಾಷೆ ನೋಡು. ೩೭೩೦ರಿಂದ ೩೭೩೯ರೊಳಗೆ ಒಬ್ಬ. ೩೭೪೦ರ ಸಾಲಲ್ಲಿ ಒಬ್ಬ, ನೀನೇ. ೩೭೫೦ರ ಸಾಲಲ್ಲೂ ಒಬ್ಬನೇ. ಎಲ್ಲಾ ಹತ್ತರಲ್ಲೂ ಒಬ್ಬೊಬ್ಬನೇ ಕಣಯ್ಯಾ. ಎಲ್ಲೂ ಇಬ್ಬರಿಲ್ಲ."

ಸ್ಟೆಲಾನ್ ಬಗ್ಗಿ ನೋಡಿದ. ನಿಜ! ಇಷ್ಟು ದಿನ ಪಟ್ಟಿ ಬರೆದವನಿಗೆ ಅದು ಕಂಡಿರಲಿಲ್ಲ. ಪಟ್ಟಿಯ ಉದ್ದಕ್ಕೂ ಹಾಗೆಯೇ, ಪ್ರತಿ ಹತ್ತು ಸಂಖ್ಯೆಗೆ ಹೆಚ್ಚೆಂದರೆ ಒಬ್ಬ. ಅವನಿಗೆ ಮೈಯೆಲ್ಲ ಬೆಚ್ಚಗಾಯಿತು. ಸತ್ಯ ಗೊತ್ತಾದಾಗ ಆಗುವುದೂ ಹೀಗೇ, ಸುಳ್ಳು ಗೊತ್ತಾದಾಗ ಆಗುವುದೂ ಹೀಗೇ.

"ಸಿಕ್ತು, ಸೆಪ್ಪೊ! ಖಾಲಿ ಸಂಖ್ಯೆ ಆಗಿದ್ರೆ ಅಡ್ಡಾದಿಡ್ಡಿ ಇರ್ತಿತ್ತು. ಇದು ಅಚ್ಚುಕಟ್ಟಾಗಿದೆ ಅಂದ್ರೆ ಜನರ ಸ್ವಭಾವ. ನಮ್ಮ ದೇಶದಲ್ಲಿ ಹತ್ತು ಜನರಲ್ಲಿ ಒಬ್ಬ ಮಾತಾಡ್ತಾನೆ, ಒಂಬತ್ತು ಜನ ಸುಮ್ನಿರ್ತಾರೆ!"

"ಸುಮ್ನಿರೋದ್ರಲ್ಲಿ ನಿಮ್ಮನ್ನ ಮೀರಿಸಿದೋರು ನಾವು ಫಿನ್ಲೆಂಡಿನೋರು. ನಾವೂ ಹಿಂಗೆ ಅಳತೆ ಪಟ್ಟಿ ಇಟ್ಕೊಂಡು ಸುಮ್ನಿರಲ್ಲಪ್ಪ," ಅಂದ ಸೆಪ್ಪೊ. "ಯಾರ್ನಾದ್ರೂ ಒಬ್ಬನ್ನ ಕೇಳಿ ನೋಡ್ಬಾರ್ದಾ?"

ಕೇಳಿ ನೋಡಿದ. ಪಟ್ಟಿಯಲ್ಲಿ ಅವನಿಗೆ ಸರಿಯಾಗಿ ಮುಂದಿದ್ದವನು ಕಿರುನಾದ ಇಸಾಕ್ ಎಂಬ ಹಲ್ಲಿನ ವೈದ್ಯ. ಸಂಖ್ಯೆ ೩೭೩೧. ಸ್ಟೆಲಾನ್ ಫೋನು ಮಾಡಿದ.

"ಇಸಾಕ್ ಅವ್ರೇ, ನಾನು ಪಟ್ಟಿ ಸ್ಟೆಲಾನ್. ನೀವು ಬುಕ್ ಮಾಡಿದ್ದು ಬೆಳಗ್ಗೆ ಹತ್ತು ಗಂಟೆ ಮೂರು ನಿಮಿಷಕ್ಕೆ ಅಂತ ಬರ್ಕೊಂಡಿದೀನಿ. ಹೌದಾ?"

"ಶ್ಶುಪ್."

ಉತ್ತರದ ಕಡೆಯವರು ಹೌದು ಎನ್ನುವುದು ಹೀಗೆ, ಗಾಳಿಯನ್ನು ಒಳಕ್ಕೆ ಎಳೆದುಕೊಂಡು. ಬಾಯಿಂದ ಮಾತು ಹೊರಗೆ ಹೋದರೆ ಶಾಖ ಖರ್ಚಾದೀತೆಂಬ ಉಳಿತಾಯ.

"ನಾನು ಹತ್ತೂ ನಾಲ್ಕಕ್ಕೆ. ಒಂದೇ ನಿಮಿಷದ ಅಂತರ. ಅಷ್ಟರೊಳಗೆ ನಮ್ಮಿಬ್ಬರ ಮಧ್ಯೆ ಹದಿನೇಳು ಜನ ನುಗ್ಗಿದಾರೆ ಅಂತಾಯ್ತು. ಅಷ್ಟು ನೂಕುನುಗ್ಗಲು ಇತ್ತಾ?"

ಹಿಂದೆ ಯಾರದೋ ಹಲ್ಲು ಕೊರೆಯುವ ಸದ್ದು.

"ಇರ್ಬೋದು," ಅಂದ ಇಸಾಕ್. ಫೋನು ಇಟ್ಟ.

"ನೋಡಿದ್ಯಾ?" ಸ್ಟೆಲಾನ್ ಗೆದ್ದವನಂತೆ ಸೆಪ್ಪೊನತ್ತ ತಿರುಗಿದ. "ಇವನು ಹತ್ತು ಜನರಲ್ಲಿ ಮಾತಾಡೋ ಒಬ್ಬ. ಇವನೇ ಹಿಂಗೆ. ಮಿಕ್ಕ ಒಂಬತ್ತು ಜನ ಹೆಂಗಿರ್ಬೇಕು!"

ಸೆಪ್ಪೊ ಎರಡನೇ ಬನ್ನು ತೆಗೆದುಕೊಂಡ.

ಮಧ್ಯಾಹ್ನದ ಊಟದ ಹೊತ್ತಿಗೆ ಸ್ಟೆಲಾನ್ ತನ್ನ ಸಂಶೋಧನೆಯನ್ನು ಜಗಲಿಯಲ್ಲಿ ಹಾಕಿದ. 'ಸುಮ್ಮನಿರುವ ಒಂಬತ್ತು ಜನ' ಎಂದು ತಲೆಬರಹ, ಕೆಳಗೆ ಲೆಕ್ಕ, ಅದರ ಕೆಳಗೆ ಪ್ರತಿಯೊಬ್ಬರ ಹೆಸರಿನ ಮುಂದೆ ಯಂತ್ರ ಬರುವ ತಿಂಗಳು. ಮೊದಲ ಎಂಟುನೂರು ಸಂಖ್ಯೆಯವರಿಗೆ ಬಿಟ್ಟರೆ ಮಿಕ್ಕವರಿಗೆಲ್ಲ ಕ್ರಿಸ್‌ಮಸ್ಸೋ ಈಸ್ಟರೋ ಬೇಸಗೆಯೋ ಕಾದಿತ್ತು. ಆ ಎಂಟುನೂರು ಸಂಖ್ಯೆಯವರಾದರೂ ಎಷ್ಟು ಮಂದಿ, ಎಪ್ಪತ್ತು ಚಿಲ್ಲರೆ ಜನ.

ಮೊದಲು ಎಲ್ಲರೂ ಹೊಗಳಿದರು. "ಎಂಥ ತಲೆಯಪ್ಪಾ ನಿಂದು" ಅಂದವರೊಬ್ಬರು. "ನಮ್ಮ ಜನರನ್ನ ಸರಿಯಾಗಿ ಅಳೆದಿದ್ದೀಯ" ಅಂದವರೊಬ್ಬರು. ಆಮೇಲೆ ಒಬ್ಬ, "ಹಾಗಾದ್ರೆ ನನಗೆ ಬೇಡ, ಹಿಂದೆ ಸರಿದೆ" ಎಂದು ಬರೆದ. ಅವನ ಹಿಂದೆ ಇನ್ನೊಬ್ಬ. ಎರಡು ಗಂಟೆಗೆ ಅರುವತ್ತು ಜನ ಹೋಗಿದ್ದರು. ನಾಲ್ಕಕ್ಕೆ ಇನ್ನೂರ ಹನ್ನೆರಡು.

ಸೆಪ್ಪೊ ಗಡಿಯಾರ ನೋಡಿದ. "ನಿನ್ನ ಮುಂದಿನೋರು ಇಷ್ಟೊಂದು ಜನ ಹೋದ್ರಲ್ಲ, ನಿನಗೆ ಲಾಭ ತಾನೆ? ನಿಂತ್ಕೊ ಮತ್ತೆ."

"ಮೂರೂ ಮುಕ್ಕಾಲು ಸಾವಿರದಲ್ಲಿ ಇನ್ನೂರ ಹನ್ನೆರಡು! ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಸುಮ್ಮನಿರೋ ಜನ ಹಿಂದೆ ಸರಿಯಲ್ಲ ಸೆಪ್ಪೊ. ಅವ್ರು ಈ ಜಗಲಿಗೇ ಬರಲ್ಲ. ಅಲ್ಲಾಡದೆ ನಿಂತಿರ್ತಾರೆ."

ಆ ಮೂರು ಸಾವಿರ ಜನ ಕಣ್ಣೆದುರು ನಿಂತಿದ್ದಾರೇನೋ ಎನ್ನುವ ಹಾಗೆ ಅವನು ಗೋಡೆಯನ್ನೇ ನೋಡುತ್ತಿದ್ದ. ನಾಲ್ಕೂ ಐವತ್ತಕ್ಕೆ ಕಂಪನಿಯ ಪುಟ ತೆರೆದು, ಹಿಂದೆ ಸರಿಯುವ ಗುಂಡಿ ಒತ್ತಿದ. ಪ್ರಾಮಾಣಿಕ ಮನುಷ್ಯ, ಅದನ್ನೂ ಜಗಲಿಯಲ್ಲಿ ಬರೆದ: "ನಾನೂ ಸರಿದೆ." ಮನಸ್ಸಿಗೆ ಬೇಸರವಾಯಿತು, ಜತೆಗೆ ಹಗುರವೂ ಆಯಿತು. ಹಣ ಸಂಘದ ಖಾತೆಗೆ ಬಂತೆಂದು ತಕ್ಷಣ ಸಂದೇಶವೂ ಬಂತು.

ಆರಕ್ಕೆ ಒಣಗಿಸುವ ಕೋಣೆಯ ಪಕ್ಕದಲ್ಲೇ ಸಭೆ. ಹನ್ನೊಂದು ಜನ, ಎರಡು ಫ್ಲಾಸ್ಕು ಕಾಫಿ. ಕಾರ್ಯದರ್ಶಿ ತೂವೆ ಮಗುವನ್ನು ಎದೆಗೆ ಕಟ್ಟಿಕೊಂಡೇ ನಡಾವಳಿ ಬರೆಯಲು ಕೂತಿದ್ದಳು.

"ತಾರೀಖು?" ಅಂದಳು ಗುನ್ವೋರ್.

ಸ್ಟೆಲಾನ್ ಎದ್ದು ನಿಂತು ಒಂಬತ್ತು ಜನರ ಸಿದ್ಧಾಂತವನ್ನೂ ಹಲ್ಲಿನ ವೈದ್ಯನ ಮಾತನ್ನೂ ವಿವರಿಸಿದ. ಹಣ ವಾಪಸು ಬಂದಿದೆ, ನಾಳೆಯೇ ಹೀಟರ್ ತರೋಣ ಎಂದ. ಜನ ತಲೆಯಾಡಿಸಿದರು. ಅಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಆದರೆ ಗುನ್ವೋರ್ ಕನ್ನಡಕ ಏರಿಸಿಕೊಂಡು ಪಟ್ಟಿಯನ್ನು ಎಳೆದುಕೊಂಡಳು.

"ನಿನ್ನ ಸಂಖ್ಯೆ ಎಷ್ಟಂದೆ?"

"೩೭೪೯. ಈಗ ಅದ್ಯಾಕೆ ಬಿಡಿ."

"ಮೂರರ ಎರಡರಷ್ಟು ಆರು," ಗುನ್ವೋರ್ ತನ್ನಷ್ಟಕ್ಕೇ ಗೊಣಗಿದಳು. "ಏಳು ಹಾಗೇ ಇರ್ಲಿ. ನಾಲ್ಕರ ಎರಡರಷ್ಟು ಎಂಟು. ಒಟ್ಟು ಇಪ್ಪತ್ತೊಂದು. ಮುಂದಿನ ಪೂರ್ತಿ ಹತ್ತು, ಅಂದ್ರೆ ಮೂವತ್ತು, ಮಾಡೋಕೆ ಎಷ್ಟು ಬೇಕು?"

"ಒಂಬತ್ತು."

"ನಿನ್ನ ಸಂಖ್ಯೆ ಕೊನೇಲಿ ಏನಿದೆ?"

"ಒಂಬತ್ತು," ಅಂದ ಸ್ಟೆಲಾನ್. ಅವನ ದನಿ ಇಳಿಯಿತು.

"ಆ ಹಲ್ಲಿನ ಡಾಕ್ಟರು ೩೭೩೧. ಆರು, ಏಳು, ಆರು, ಹತ್ತೊಂಬತ್ತಾಯ್ತು. ಇಪ್ಪತ್ತಕ್ಕೆ ಒಂದು ಬೇಕು, ಕೊನೇಲಿ ಒಂದೇ ಇದೆ." ಆಕೆ ಕನ್ನಡಕ ತೆಗೆದಳು. "ಕೊನೆ ಅಂಕಿ ಲೆಕ್ಕಕ್ಕಿಲ್ಲ ಕಣೋ, ಅದು ಕಾವಲು ಅಂಕಿ. ಬರೆಯೋವಾಗ ತಪ್ಪಾದ್ರೆ ಗೊತ್ತಾಗ್ಲಿ ಅಂತ ಬಾಲ ಅಂಟಿಸಿರ್ತಾರೆ. ಮೂವತ್ತೊಂದು ವರ್ಷ ಅಂಚೆ ಹಣದ ಚೀಟಿಗಳ ಮೇಲೆ ಇದನ್ನೇ ನೋಡಿದೀನಿ. ಬಾಲ ಕತ್ತರಿಸು. ನಿಂದು ೩೭೪. ಡಾಕ್ಟರು ೩೭೩, ನಿನ್ನ ಮುಂದೇನೇ ನಿಂತಿದ್ದ."

"ಹಾಗಾದ್ರೆ... ಆ ಒಂಬತ್ತು ಜನ?"

"ಅವ್ರು ಹುಟ್ಟೇ ಇಲ್ಲ. ಹತ್ತು ಸಂಖ್ಯೇಲಿ ಒಂದನ್ನೇ ಕೊಡೋದು, ಇನ್ನು ಇಬ್ಬರು ಎಲ್ಲಿಂದ ಬರ್ತಾರೆ? ಅಲ್ಲಯ್ಯಾ, ಈ ದೇಶದಲ್ಲಿ ಹುಟ್ಟಿದ ಪ್ರತಿ ಮಗೂನ ಸಂಖ್ಯೆಗೂ ಇದೇ ಬಾಲ ಇರುತ್ತೆ. ಆ ಸಂಖ್ಯೆ ಬರೆಯೋ ಕಚೇರೀಲೇ ಕೂತಿದೀಯ. ದಿನಾ ಅಲ್ಲಿ ಏನ್ ನೋಡ್ತೀಯ?"

ಸ್ಟೆಲಾನ್ ಪಟ್ಟಿಯ ಅಂಚಿನಲ್ಲಿ ಹೊಸದಾಗಿ ಲೆಕ್ಕ ಹಾಕಿದ. ಅವನ ಮುಂದಿದ್ದವರು ಮುನ್ನೂರ ಎಪ್ಪತ್ತಮೂರೇ ಜನ. ಅದರಲ್ಲಿ ಮುನ್ನೂರ ನಲವತ್ತು ಜನ ಬಾಯಿ ಬಿಟ್ಟು ಹೇಳಿಯೂ ಇದ್ದರು. ಸುಮ್ಮನಿದ್ದವರು ಬರೀ ಮೂವತ್ತಮೂರು. ದಿನಕ್ಕೆ ಇಪ್ಪತ್ತರಂತೆ ಹತ್ತೊಂಬತ್ತನೇ ದಿನ, ನವೆಂಬರ್ ಹದಿನಾಲ್ಕು, ಗುರುವಾರ ಯಂತ್ರ ಬಂದು ಬೀಳುತ್ತಿತ್ತು. ಇದಕ್ಕಿಂತ ಚೊಕ್ಕವಾದ ತಾರೀಖು ಬೇಕಿರಲಿಲ್ಲ.

"ಇನ್ನೂರ ಹನ್ನೆರಡು ಜನ ಬೇರೆ ಬಿಟ್ಟುಹೋಗಿದಾರೆ!" ಅವನು ಕೂಗಿದ. "ಈಗ ಹೊಸದಾಗಿ ನಿಂತ್ರೂ ಹದಿನೈದು ದಿನದಲ್ಲಿ ಬರುತ್ತೆ!"

"ಮತ್ತೆ ಸುಮ್ನೆ ಯಾಕೆ ನಿಂತಿದೀಯ? ಒತ್ತು!" ಅಂದಳು ಗುನ್ವೋರ್.

ಹೀಟರಿನ ಮಾತು ಎಲ್ಲರಿಗೂ ಮರೆತುಹೋಯಿತು. ಹನ್ನೊಂದು ಕೈಗಳೂ ಮೇಲೆದ್ದವು, ಮಗುವಿನದು ಸೇರಿ ಹನ್ನೆರಡು. ತೂವೆ "ಸರ್ವಾನುಮತ" ಎಂದು ಬರೆದಳು. ಸ್ಟೆಲಾನ್ ಆರೂವರೆಗೆ ಅಲ್ಲೇ ನಿಂತು, ವಾಪಸು ಬಂದ ಹಣವನ್ನು ಬಂದ ದಾರಿಗೇ ಅಟ್ಟಿದ. ನಿಮಿಷದೊಳಗೆ ಕಂಪನಿಯ ಉತ್ತರ ಬಂತು. ಅವನು ಗಟ್ಟಿಯಾಗಿ ಓದಿದ.

"'ಅಭಿನಂದನೆಗಳು. ಸಂಜೆ ಐದರೊಳಗೆ ಹಿಂದಿನ ಗಿರಾಕಿಗಳೆಲ್ಲರೂ ಹಿಂದೆ ಸರಿದಿರುವುದರಿಂದ, ಸರದಿಯಲ್ಲಿ ನಿಮ್ಮ ಸ್ಥಾನ: ಒಂದು.'"

ಪಟ್ಟಿ ಸ್ಟೆಲಾನನೇ ಸರಿದನೆಂದ ಮೇಲೆ ಇದರಲ್ಲೇನೋ ಮೋಸವಿದೆಯೆಂದು ಸೋಮವಾರದ ಸರದಿಯವರೂ ಓಡಿದ್ದರು, ಕಡೆಯ ಹತ್ತು ನಿಮಿಷದಲ್ಲಿ ಯಾರೂ ಉಳಿದಿರಲಿಲ್ಲ. ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಗುನ್ವೋರ್ ಕೂಡ ಎರಡು ಸಲ ಕೈ ತಟ್ಟಿದಳು. ಸ್ಟೆಲಾನನ ಕಣ್ಣಲ್ಲಿ ನೀರು ಬಂತು. ಜೀವನದಲ್ಲಿ ಅವನು ಯಾವುದರಲ್ಲೂ ಒಂದನೆಯವನಾಗಿರಲಿಲ್ಲ.

"ಮುಂದೆ ಓದು," ಅಂದಳು ತೂವೆ. "ತಾರೀಖು ಬರ್ಕೋಬೇಕು."

"'ಹೊಸದಾಗಿ ಮುನ್ನೂರು ಗಿರಾಕಿಗಳು ಸೇರಿದ ಮೇಲಷ್ಟೇ ಯಂತ್ರಗಳನ್ನು ಕಳಿಸಲಾಗುವುದು. ಐದು ಗಂಟೆಯ ನಂತರ ಕಟ್ಟಿದ ಹಣ ವಾಪಸಿಲ್ಲ.'"

ಮಗು ಒಮ್ಮೆ ಬಿಕ್ಕಿತು.

"ಹೋದೋರನ್ನ ವಾಪಸ್ ಕರಿ," ಅಂದಳು ಗುನ್ವೋರ್ ಕಡೆಗೆ. "ತಪ್ಪಾಯ್ತು ಅಂತ ಹೇಳು. ನಿಜ ಹೇಳಿದ್ರೆ ಜನ ಬರ್ತಾರೆ."

ಸ್ಟೆಲಾನ್ ನಿಜವನ್ನೇ ಬರೆದ. ಕೊನೆಯ ಅಂಕಿ ಬರೀ ಬಾಲವಂತೆ, ಒಂಬತ್ತು ಜನ ಇರಲೇ ಇಲ್ಲವಂತೆ, ತಪ್ಪು ನನ್ನದು, ಕ್ಷಮಿಸಿ. ದಯವಿಟ್ಟು ಎಲ್ಲರೂ ವಾಪಸು ಬನ್ನಿ. ಸರದಿ ಪೂರ್ತಿ ಖಾಲಿ ಇದೆ, ನಾನು ಈಗತಾನೆ ನಿಂತೆ, ಮೊದಲ ಸ್ಥಾನದಲ್ಲಿದ್ದೇನೆ.

ಆ ದೇಶದಲ್ಲಿ ಹೆಂಡತಿಯನ್ನು ಬಿಟ್ಟವನನ್ನು ಕ್ಷಮಿಸುತ್ತಾರೆ, ತೆರಿಗೆ ತಪ್ಪಿಸಿದವನನ್ನೂ ಒಂದೆರಡು ವರ್ಷದಲ್ಲಿ ಮಾತಾಡಿಸುತ್ತಾರೆ. ಸರದಿ ಮುರಿದವನಿಗೆ ಮಾತ್ರ ಕ್ಷಮೆಯಿಲ್ಲ.

"ಐದಕ್ಕೆ ಮುಂಚೆ ನಮ್ಮನ್ನೆಲ್ಲ ಓಡಿಸಿ, ಆರೂವರೆಗೆ ನೀನು ಮುಂದೆ ನಿಂತ್ಯಾ?" ಎಂದು ಮೊದಲ ಉತ್ತರ ಬಂತು.

"ಸರಿದೆ ಅಂತ ಸುಳ್ಳೇ ಬರೆದು ನಂಬಿಸಿದ್ಯಲ್ಲೋ!"

"ನಾನು ಯಾರ ಹಿಂದೆ ಬೇಕಾದ್ರೂ ನಿಲ್ತೀನಿ, ನಿನ್ನ ಹಿಂದೆ ಮಾತ್ರ ನಿಲ್ಲಲ್ಲ."

ಕಿರುನಾದ ಇಸಾಕ್ ಹದಿನಾಲ್ಕು ಸಾಲು ಬರೆದಿದ್ದ. ಅಷ್ಟು ಮಾತು ಅವನೊಳಗೆ ಇತ್ತೆಂದು ಅವನ ಹೆಂಡತಿಗೂ ಗೊತ್ತಿರಲಾರದು.

ಕಾಫಿ ಮುಗಿಯಿತು. ನೆರೆಯವರು ಒಬ್ಬೊಬ್ಬರಾಗಿ ಮೇಲೆ ಹೋದರು. ನಾಳೆ ಬೆಳಗ್ಗೆ ಗುನ್ವೋರಳ ಚೀಟಿ ಇರುತ್ತದೆಂದು ಸ್ಟೆಲಾನನಿಗೆ ಗೊತ್ತಿತ್ತು. ಅವನು ಒಬ್ಬನೇ ಕೂತು, ಅಭ್ಯಾಸಬಲದಿಂದ, ಬೈದವರ ಸಂಖ್ಯೆಗಳನ್ನು ಒಂದೊಂದಾಗಿ ಪಟ್ಟಿಯಲ್ಲಿ ಗುರುತು ಮಾಡುತ್ತ ಹೋದ. ಅವನ ಮುಂದಿದ್ದ ಮುನ್ನೂರ ನಲವತ್ತು ಹಳಬರೂ ಬೈದರು, ಹಿಂದಿದ್ದವರೂ ಬೈದರು. ಆಮೇಲೆ ಪಟ್ಟಿಯಲ್ಲಿ ಇಲ್ಲದ ಸಂಖ್ಯೆಗಳು ಬರತೊಡಗಿದವು. ಇಷ್ಟು ದಿನ ತುಟಿ ಬಿಚ್ಚದಿದ್ದ ಆ ಮೂವತ್ತಮೂರು ಜನ, ಒಬ್ಬರ ಹಿಂದೊಬ್ಬರು ಶಿಸ್ತಾಗಿ ಬಂದು, ತಮ್ಮ ಸಂಖ್ಯೆ ಬರೆದು, ಅದರ ಕೆಳಗೆ ಅವನಿಗೆ ಏನನ್ನಬೇಕೋ ಅದನ್ನು ಬರೆದರು. ಎಂಟು ಗಂಟೆಗೆ ಪಟ್ಟಿ ಪೂರ್ತಿಯಾಯಿತು, ಒಂದು ಹೆಸರೂ ಬಿಟ್ಟಿರಲಿಲ್ಲ.